ಆಷಾಢಕ್ಕೆ ಮುಂಚೆ ತೆಗೆದ ಪಾಯ

ಮನೆ ಮಂಜೂರಾತಿ ಪಟ್ಟಿಯಲ್ಲಿ ನಮ್ಮ ಅತ್ತೆಯ ಹೆಸರು ಓದಿದಾಗ ಗ್ರಾಮಸಭೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ನನ್ನ ಸ್ವಭಾವವೇ ಹಾಗೆ. ಒಳ್ಳೆಯ ಸುದ್ದಿ ಬಂದರೆ ಅದರ ಹಿಂದೆ ಇನ್ನೇನು ಬರುತ್ತಿದೆಯೋ ಎಂದು ಬಾಗಿಲ ಕಡೆ ನೋಡುತ್ತೇನೆ. ನಮ್ಮೆಜಮಾನರು ಇದಕ್ಕೆ ಎಷ್ಟೋ ಸಲ ಬೈದಿದ್ದಾರೆ.

ಆಗ ನಾವು ಮೂವರು ಕಂಪಲಾಪುರದ ಹತ್ತಿರದ ಹಳ್ಳಿಯಲ್ಲಿ, ಬೇರೆಯವರ ಬ್ಯಾರನ್, ಅಂದರೆ ಹೊಗೆಸೊಪ್ಪು ಹದ ಮಾಡುವ ಬೆಂಕಿಗೂಡು, ಅದರ ಪಕ್ಕದ ಕೋಣೆಯಲ್ಲಿದ್ದೆವು. ಸೊಪ್ಪು ಬೇಯಿಸುವ ಕಾಲಕ್ಕೆ ಕೂಲಿಯವರು ಮಲಗಲೆಂದು ಕಟ್ಟಿದ ಕೋಣೆ ಅದು. ಉಳಿದ ತಿಂಗಳು ಖಾಲಿ ಬಿದ್ದಿರುತ್ತದಲ್ಲ ಎಂದು ಜಮೀನಿನವರು ನಮಗೆ ಬಿಟ್ಟುಕೊಟ್ಟಿದ್ದರು. ಎರಡು ವರ್ಷ ಆ ಕಾಲಕ್ಕೆ ಕೂಲಿಯವರ ನಡುವೆ ಹೇಗೋ ಮೂಲೆಯಲ್ಲಿ ಮುದುರಿಕೊಂಡು ಕಳೆದೆವು. ಈ ಸಲ ಮಾತ್ರ, ಬ್ಯಾರನ್‌ಗೆ ಬೆಂಕಿ ಹಾಕುವ ಹೊತ್ತಿಗೆ ಖಾಲಿ ಮಾಡಿಬಿಡಿ ಎಂದು ಮೊದಲೇ ಹೇಳಿದ್ದರು. ತಪ್ಪು ಅವರದಲ್ಲ, ಕೂಲಿಯವರು ಹೆಚ್ಚಾಗಿದ್ದರು. ನಮ್ಮ ಯಜಮಾನರು ಗಾರೆ ಕೆಲಸದವರು. ಪಿರಿಯಾಪಟ್ಟಣದಿಂದ ಹುಣಸೂರಿನ ತನಕ ಎಷ್ಟು ಮನೆಗಳ ಗೋಡೆ ಎಬ್ಬಿಸಿದ್ದಾರೋ ಅವರಿಗೇ ಲೆಕ್ಕವಿಲ್ಲ. ನಮಗೆ ಮಾತ್ರ ಬೆನ್ನು ಒರಗಿಸಲು ಸ್ವಂತದ್ದೊಂದು ಗೋಡೆ ಇರಲಿಲ್ಲ.

ನಮಗಿದ್ದದ್ದು ಒಂದು ಸೈಟು. ಮಾವ ತೀರಿಕೊಂಡ ಮೇಲೆ ಪಂಚಾಯ್ತಿಯವರು ಅತ್ತೆಯ ಹೆಸರಿಗೆ ಕೊಟ್ಟದ್ದು. ಆದ್ದರಿಂದ ಮನೆಗೆ ಅರ್ಜಿಯೂ ಅವರ ಹೆಸರಲ್ಲೇ. ಅತ್ತೆ ಹೆಬ್ಬೆಟ್ಟು, ನಾನು ಪಿಯುಸಿ. ಹಾಗಾಗಿ ಕಾಗದದ ಕೆಲಸವೆಲ್ಲ ನನ್ನ ತಲೆಗೆ ಬಂತು. ಆದಾಯ ಸರ್ಟಿಫಿಕೇಟಿಗೆ ನಾಡಕಚೇರಿ, ಸೈಟಿನ ಇ-ಸ್ವತ್ತಿಗೆ ಪಂಚಾಯ್ತಿ, ಬೆರಳಚ್ಚು ಹಿಡಿಯಲಿಲ್ಲವೆಂದು ಮತ್ತೆ ಕಂಪ್ಯೂಟರ್ ಅಂಗಡಿ. ಮನೆ ಕಟ್ಟಿ ನೋಡು ಅನ್ನುತ್ತಾರಲ್ಲ, ಅದನ್ನು ಹೇಳಿದವರು ಅರ್ಜಿ ಹಾಕಿ ನೋಡಿರಲಿಕ್ಕಿಲ್ಲ. ಅಂತೂ ಹೆಸರು ಬಂತು. ಇನ್ನು ಆದೇಶ ಪತ್ರ ಬರಬೇಕು, ಬಂದ ಮೇಲೆ ಕೆಲಸ ಶುರು ಮಾಡಬೇಕು. ನಾನು ಅಷ್ಟು ಮಾತ್ರ ತಿಳಿದುಕೊಂಡಿದ್ದೆ.

ಅತ್ತೆ ಕ್ಯಾಲೆಂಡರ್ ನೋಡಿಸಿದರು. ಇನ್ನು ಮೂರೇ ದಿನಕ್ಕೆ ಆಷಾಢ. ಆಷಾಢ ಹಿಡಿದರೆ ಒಂದು ತಿಂಗಳು ಪಾಯ ತೆಗೆಯುವಂತಿಲ್ಲ. ಅದು ಮುಗಿಯುವಷ್ಟರಲ್ಲಿ ಬ್ಯಾರನ್‌ಗೆ ಬೆಂಕಿ ಬೀಳುತ್ತದೆ. ಹೆಸರು ಬಂದಾಯ್ತಲ್ಲ, ಇನ್ನೇಕೆ ಕಾಯುವುದು ಎಂದು ಅವರ ವಾದ. ನನಗೂ ಅದು ಸರಿ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ನಾನು ಬೇಡ ಅನ್ನಲಿಲ್ಲ. ಮಾರನೆಯ ಬೆಳಿಗ್ಗೆಯೇ ಯಜಮಾನರು ದಾರ ಕಟ್ಟಿ ನಾಲ್ಕೂ ಕಡೆ ಮೊಣಕಾಲುದ್ದ ಪಾಯ ತೆಗೆದರು. ಅತ್ತೆ ಈಶಾನ್ಯ ಮೂಲೆಯಲ್ಲಿ ಅರಿಶಿನ ಕುಂಕುಮ ಇಟ್ಟು, ಹಾಲು ಬಿಟ್ಟು, ನವಧಾನ್ಯ ಹಾಕಿ ಒಂದು ಕಲ್ಲು ನಿಲ್ಲಿಸಿದರು. ಆ ದಿನ ಅವರ ಮುಖ ನೋಡಬೇಕಿತ್ತು. ಬೀದಿಯವರಿಗೆಲ್ಲ ಕೋಸಂಬರಿ ಹಂಚಿದರು.

ಎರಡು ದಿನ ಕಳೆದು ಒಂದು ಜೆರಾಕ್ಸ್ ಕೊಡಲು ಪಂಚಾಯ್ತಿಗೆ ಹೋದೆ. ಅಲ್ಲಿ ಬಿಲ್ ಕಲೆಕ್ಟರು ಪಕ್ಕದ ಊರಿನ ಹೆಂಗಸೊಬ್ಬಳಿಗೆ ಅರ್ಜಿ ಯಾಕೆ ವಾಪಸ್ ಬಂತೆಂದು ವಿವರಿಸುತ್ತಿದ್ದರು. ಆದೇಶಕ್ಕೆ ಮೊದಲು ಖಾಲಿ ಸೈಟಿನಲ್ಲಿ ಅರ್ಜಿದಾರರನ್ನು ನಿಲ್ಲಿಸಿ ಮೊಬೈಲಿನಲ್ಲಿ ಜಿಪಿಎಸ್ ಫೋಟೋ ಹೊಡೆಯಬೇಕಂತೆ. ಆ ಹೆಂಗಸಿನ ಫೋಟೋದಲ್ಲಿ ಪಾಯ ತೆಗೆದಿರುವುದು ಕಂಡಿತ್ತು. ಮೊದಲೇ ಕೆಲಸ ಶುರು ಮಾಡಿದವರಿಗೆ ಮನೆ ಇಲ್ಲ, ಇನ್ನು ಮುಂದಿನ ಪಟ್ಟಿ ಯಾವಾಗಲೋ ಏನೋ. ಆ ಹೆಂಗಸು ಅಳಲೂ ಇಲ್ಲ, ಸೆರಗಿನ ತುದಿಯನ್ನು ಸುತ್ತುತ್ತಾ ನಿಂತಿದ್ದಳು. ಜೆರಾಕ್ಸ್ ಕೊಡುವುದನ್ನೂ ಮರೆತು ಮನೆಗೆ ಓಡಿಬಂದೆ.

ಮುಚ್ಚಬೇಕು ಎಂದು ನಾನೇ ಹೇಳಿದೆ. ಯಜಮಾನರು ಗುದ್ದಲಿ ಮುಟ್ಟಲಿಲ್ಲ. ನಮ್ಮ ಕಡೆ ತೆಗೆದ ಪಾಯವನ್ನು ಯಾರೂ ಮುಚ್ಚುವುದಿಲ್ಲ. ಅಗೆದ ಮಣ್ಣನ್ನು ಮತ್ತೆ ಅದೇ ಗುಂಡಿಗೆ ಎಳೆಯುವುದು ಯಾವಾಗ ಎಂದು ಎಲ್ಲರಿಗೂ ಗೊತ್ತು, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ. ಕೊನೆಗೆ ಅವರು ಅತ್ತೆಯ ಕಡೆ ನೋಡಿದರು. ಅತ್ತೆ, "ಮುಚ್ಬುಡು ಮಗ. ಭೂಮ್ತಾಯಿಗೆ ನಾನು ಏಳ್ಕತೀನಿ" ಅಂದರು.

ಮಟಮಟ ಮಧ್ಯಾಹ್ನ, ಊರವರೆಲ್ಲ ಹೊಲದಲ್ಲಿದ್ದಾಗ, ನಾನೂ ಯಜಮಾನರೂ ಮಣ್ಣೆಳೆದೆವು. ಗುದ್ದಲಿ ಹಿಡಿಯುವ ಅವರ ಕೈ ಎಂದೂ ಅಷ್ಟು ನಿಧಾನವಾಗಿದ್ದನ್ನು ನಾನು ಕಂಡಿಲ್ಲ. ಅತ್ತೆ ನಮಗೆ ಬೆನ್ನು ಹಾಕಿ ರಸ್ತೆ ಕಡೆ ನೋಡುತ್ತಾ ಕೂತಿದ್ದರು. ಎಲ್ಲ ಮುಗಿದ ಮೇಲೆ ಎದ್ದು ಆ ಮೂಲೆಗೆ ಹೋಗಿ, ಬಗ್ಗಿ ಏನೋ ಮಾಡಿ ಬಂದರು. ಏನೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆಮೇಲೆ ನನಗೆ ನೆಮ್ಮದಿಯೆಂಬುದೇ ಇಲ್ಲ. ಬಿಲ್ ಕಲೆಕ್ಟರು ಇವತ್ತು ಬರುತ್ತೇನೆ ಅನ್ನುವರು, ಸರ್ವರ್ ಇಲ್ಲ ಅನ್ನುವರು, ನಾಳೆ ಅನ್ನುವರು. ಇತ್ತ ಆಷಾಢದ ಜಿಟಿಜಿಟಿ ಮಳೆ. ಹೊಸ ಮಣ್ಣು ಕುಸಿದು ಸೈಟಿನ ನಾಲ್ಕೂ ಕಡೆ ಗೆರೆ ಎಳೆದ ಹಾಗೆ ಪಾಯದ ಗುರುತು ಎದ್ದಿತು. ನಾನು ದಿನಾ ಬೆಳಿಗ್ಗೆ ಬಾಂಡಲಿಯಲ್ಲಿ ಮಣ್ಣು ಹೊತ್ತು ತಂದು ತುಂಬಿ ತುಳಿಯುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರಾದರೂ ಸೈಟಿನ ಮುಂದೆ ಬೈಕು ನಿಧಾನ ಮಾಡಿದರೆ ಸಾಕು, ನನ್ನ ಕೈ ಹೆಗಲಿಗೆ ಹೋಗುತ್ತಿತ್ತು. ಕೋಸಂಬರಿ ತಿಂದವರೆಲ್ಲ ನನಗೆ ಸಾಕ್ಷಿಗಳಾಗಿ ಕಾಣುತ್ತಿದ್ದರು.

ಹೀಗೇ ಒಂದು ಬೆಳಿಗ್ಗೆ ಹೋದರೆ ಈಶಾನ್ಯದ ಮೂಲೆಯಲ್ಲಿ ಒಂದು ಹಿಡಿ ಹಸಿರು ಎದ್ದಿದೆ. ಅವರೆ, ಹೆಸರು, ಹುರುಳಿ, ಎಲ್ಲ ಒತ್ತೊತ್ತಾಗಿ, ಗೇಣು ಜಾಗದಲ್ಲಿ. ಪೂಜೆಯಲ್ಲಿ ಉಳಿದ ನವಧಾನ್ಯವನ್ನು ಅತ್ತೆ ಪಾಯ ಮುಚ್ಚಿದ ದಿನ ಮಡಿಲಲ್ಲಿ ತಂದು ಮೇಲೆ ಚೆಲ್ಲಿದ್ದರು. ಬೋಳು ಸೈಟಿನ ಮೂಲೆಯಲ್ಲಿ ಹಾಗೆ ಹಸಿರು ಎದ್ದಿದ್ದರೆ ಅದು ಪಾಯದ ಪೂಜೆಯದೆಂದು ನಮ್ಮ ಕಡೆಯ ಎಳೆ ಮಗುವಿಗೂ ಗೊತ್ತಾಗುತ್ತದೆ. ಕಿತ್ತುಬಿಡುತ್ತೇನೆ ಅತ್ತೆ ಎಂದು ಗೋಗರೆದೆ. ಅವರು ಒಪ್ಪಲಿಲ್ಲ. ಮುಚ್ಚಿದ್ದು ಒಂದು ತಪ್ಪು, ಕಿತ್ತರೆ ಎರಡು ಅಂದರು. ಜೀವನದಲ್ಲಿ ಮೊದಲ ಸಲ ನಾನು ಅವರ ಮೇಲೆ ರೇಗಿದೆ. ಬ್ಯಾರನ್‌ಗೆ ಸೌದೆ ಬಂದು ಬಿದ್ದಿದೆ, ನಾಳೆ ಬೀದಿಗೆ ಬೀಳುವವರು ನಾವು, ನಿಮ್ಮ ನಾಲ್ಕು ಅವರೆಕಾಳಿಗೆ ಮನೆ ಹೋಗಲಿ ಅನ್ನುತ್ತೀರಾ ಎಂದುಬಿಟ್ಟೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಬಿಲ್ ಕಲೆಕ್ಟರು ಬಂದದ್ದು ಹೇಳದೆ ಕೇಳದೆ, ಅದಾದ ಮೂರನೆಯ ದಿನ. ನಮ್ಮ ಸೈಟಿಗೆ ಪಡುವಲಲ್ಲಿ ರಸ್ತೆ, ಈಶಾನ್ಯವೆಂದರೆ ಹಿಂದಿನ ಮೂಲೆ. ಅಲ್ಲೀತನಕ ಅವರು ಬರದಿರಲಿ ಎಂದು ಇದ್ದ ದೇವರಿಗೆಲ್ಲ ಹರಕೆ ಹೊತ್ತೆ. ಅತ್ತೆ ರಸ್ತೆ ಅಂಚಿನಲ್ಲೇ ನಿಂತರು. ಬಿಲ್ ಕಲೆಕ್ಟರು ಮೊಬೈಲ್ ಎತ್ತಿ, ಇಳಿಸಿ, ಹೀಗೆ ನಿಂತರೆ ಸೈಟು ಪೂರ್ತಿ ಬರುವುದಿಲ್ಲ, ಹಿಂದಿನ ಆ ಮೂಲೆಯ ಗಡಿಕಲ್ಲಿನ ಹತ್ತಿರ ಹೋಗವ್ವ ಅಂದರು. ಬೇರೆ ಮೂಲೆಯೇ ಇರಲಿಲ್ಲವೆಂಬಂತೆ ಅದನ್ನೇ ತೋರಿಸಿದರು.

ಅತ್ತೆ ರಸ್ತೆ ಅಂಚಿನಲ್ಲೇ ಚಪ್ಪಲಿ ಬಿಟ್ಟರು. ಎರಡನ್ನೂ ಜೋಡಿಸಿಟ್ಟು, ಬರಿಗಾಲಲ್ಲಿ ಕೆಸರು ತುಳಿಯುತ್ತಾ ಹೋಗಿ, ಮೊಳಕೆಗೆ ಕಾಲು ತಾಗದಂತೆ ಮುಂದೆ ನಿಂತು ಸೆರಗನ್ನು ಅಗಲ ಮಾಡಿದರು. ಹಸಿರು ಕಾಣಲಿಲ್ಲ. ಆದರೆ ಚಪ್ಪಲಿ ಕಾಣುತ್ತಿತ್ತು. ಬಿಲ್ ಕಲೆಕ್ಟರು ಚಪ್ಪಲಿ ನೋಡಿದರು, ಅವರ ಕಾಲು ನೋಡಿದರು, ಮೊಬೈಲ್ ಜೇಬಿಗೆ ಹಾಕಿಕೊಂಡರು.

"ಮನೇನೇ ಇಲ್ಲ, ಒಳಕ್ಕೆ ಓಗೋರಂಗೆ ಚಪ್ಪಲಿ ಬುಟ್ಟಿದ್ದೀರಲ್ಲ ಅವ್ವ" ಅಂದರು. ನಗಲಿಲ್ಲ.

ಕೆಸರಲ್ಲಿ ಜಾರುತ್ತೆ ಅಂತ ಬಿಟ್ಟರು ಸಾರ್ ಎಂದು ನಾನು ಬಾಯಿ ಹಾಕಿದೆ. ಅಷ್ಟರಲ್ಲಿ ಅತ್ತೆ ಸೆರಗು ಸರಿಸಿದ್ದರು.

"ಪಾಯ ತೆಗ್ಸಿ ಪೂಜೆ ಮಾಡ್ಬುಟ್ಟಿದ್ದೆ ಕಣಪ್ಪ. ಆಮ್ಯಾಕೆ ಗೊತ್ತಾಗಿ ಮುಚ್ಚಿಸ್ದೆ. ಎಲ್ಲ ನಂದೇ. ಈ ಮಗೀನ ಏನೂ ಅನ್ಬ್ಯಾಡಿ."

ಬಿಲ್ ಕಲೆಕ್ಟರು ಮೂಲೆಗೆ ಹೋಗಿ ಮೊಳಕೆ ನೋಡಿದರು. ಕಾಲಿನಿಂದ ಮಣ್ಣು ಒತ್ತಿ ನೋಡಿದರು. ಒಳಗೆ ಕಲ್ಲು ಕಟ್ಟಿದ್ದೀರಾ ಎಂದು ಕೇಳಿದರು. ಪೂಜೆಯ ಒಂದೇ ಕಲ್ಲು, ಅದನ್ನೂ ತೆಗೆದಿಟ್ಟಿದ್ದೇವೆ ಎಂದೆ. ಪಂಚಾಯ್ತಿಯಲ್ಲಿ ಸೆರಗು ಸುತ್ತುತ್ತಿದ್ದ ಆ ಹೆಂಗಸೇ ಕಣ್ಣ ಮುಂದೆ ಬಂದಳು.

"ಖಾಲಿ ಸೈಟಿನ ಫೋಟೋ ಕೇಳ್ತಾರೆ. ಈಗ ಖಾಲಿ ಅದೆ" ಎಂದು ಅವರು ರಸ್ತೆಗೆ ಹಿಂತಿರುಗಿ ಫೋಟೋ ಹೊಡೆದರು. ಹೋಗುವಾಗ, ಮೇಲಿನವರು ಏನನ್ನುತ್ತಾರೋ ನನಗೆ ಗೊತ್ತಿಲ್ಲ, ಹಸಿರು ಕಂಡರೆ ಕಂಡಿತು ಅಂದರು. ಅದು ಭರವಸೆಯೋ ಎಚ್ಚರಿಕೆಯೋ ನನಗೆ ತಿಳಿಯಲಿಲ್ಲ.

ಆಷಾಢ ಮುಗಿಯಿತು. ಬ್ಯಾರನ್‌ಗೆ ಬೆಂಕಿ ಬಿತ್ತು. ನಾವು ಪಾತ್ರೆ ಪಗಡೆ ಕಟ್ಟಿಕೊಂಡು ಅದರ ಹಿಂದಿನ ಸೌದೆ ಶೆಡ್ಡಿಗೆ ಹೋದೆವು. ಅಲ್ಲಿರುವಷ್ಟು ದಿನ ಸೌದೆ ಕಡಿಮೆಯಾಗುವುದನ್ನು ನೋಡುತ್ತಿದ್ದೆ. ಸೌದೆ ಖಾಲಿಯಾಗಿ ಹೊಸ ಲೋಡು ಬಂದರೆ ನಮಗೆ ಜಾಗವಿಲ್ಲ. ಫೋನ್ ಬಡಿದುಕೊಂಡರೆ ಪಂಚಾಯ್ತಿಯದೇ ಇರಬೇಕೆಂದು ಓಡುತ್ತಿದ್ದೆ. ನಾನು ಸುಳ್ಳು ಹೇಳಿದ್ದಕ್ಕೆ ಅರ್ಜಿ ಹೋಯಿತೋ, ಅತ್ತೆ ನಿಜ ಹೇಳಿದ್ದಕ್ಕೆ ಹೋಯಿತೋ ಎಂದು ಲೆಕ್ಕ ಹಾಕಿ ಹಾಕಿ ಸೋತೆ. ಅತ್ತೆ ಮಾತ್ರ ದಿನಾ ಸಂಜೆ ಸೈಟಿಗೆ ಹೋಗಿ, ಅವರೆ ಬಳ್ಳಿಯನ್ನು ಕಡ್ಡಿಗೆ ಹಬ್ಬಿಸಿ ಬರುತ್ತಿದ್ದರು.

ಶ್ರಾವಣದಲ್ಲಿ ಒಂದು ದಿನ ಬಿಲ್ ಕಲೆಕ್ಟರು ಫೋನ್ ಮಾಡಿ ಅತ್ತೆಗೆ ಕೊಡಿ ಅಂದರು. ನಾನು ಸ್ಪೀಕರ್ ಹಾಕಿ ಹಿಡಿದೆ. "ಆದೇಶ ಬಂದದೆ ಕಣವ್ವ. ಈಗ ಅಗೀಬೋದು" ಅಂದರು. ಅತ್ತೆ ಫೋನಿಗೇ ಕೈ ಮುಗಿದರು. ನಾನು ಸೌದೆ ಮೇಲೆ ಕುಸಿದು ಕೂತು ಅತ್ತುಬಿಟ್ಟೆ.

ಮನೆಯಾಗಿ ಈಗ ಎರಡು ವರ್ಷ. ಗೋಡೆಯನ್ನು ನಮ್ಮೆಜಮಾನರೇ ಎಬ್ಬಿಸಿದರು. ಯೋಜನೆಯ ಫೈಲಿನಲ್ಲಿ ಆ ಫೋಟೋದ ಜೆರಾಕ್ಸ್ ಇದೆ. ಅತ್ತೆ ಮೂಲೆಯಲ್ಲಿ ಬರಿಗಾಲಲ್ಲಿ ನಿಂತಿದ್ದಾರೆ, ಮುಂದೆ ರಸ್ತೆ ಅಂಚಿನಲ್ಲಿ ಎರಡು ಚಪ್ಪಲಿ. ಯಾರಾದರೂ ಮೊಬೈಲ್ ಹಿಡಿದು ಬಾಗಿಲಿಗೆ ಬಂದರೆ ಇವತ್ತಿಗೂ ನನ್ನ ಕೈ ಹೆಗಲಿಗೆ ಹೋಗುತ್ತದೆ. ಹೊಸಿಲು ಬಂದಿರುವುದು ಸರಿಯಾಗಿ ಆ ಚಪ್ಪಲಿ ಇದ್ದ ಜಾಗದಲ್ಲೇ. ಅತ್ತೆ ಈಗಲೂ ಅಲ್ಲೇ ಬಿಟ್ಟು ಒಳಗೆ ಬರುತ್ತಾರೆ.