ರೊಟ್ಟಿ ಕೇಳುವ ಪದ್ಧತಿ

ನನ್ನ ಮೇಜಿನ ಮೇಲೆ ಹಳದಿ ಬಣ್ಣದ ಒಂದು ರಬ್ಬರ್ ಚೆಂಡಿದೆ. ಕಾಗದ ಹಾರದಿರಲೆಂದು ಇಟ್ಟಿದ್ದೇನೆ ಎಂದು ಹೇಳಿಕೊಳ್ಳುತ್ತೇನಾದರೂ, ಫ್ಯಾನು ತಿರುಗಿದೊಡನೆ ಕಾಗದಗಳಿಗಿಂತ ಮೊದಲು ಅದೇ ಉರುಳಿ ಬೀರುವಿನ ಕೆಳಗೆ ಸೇರುತ್ತದೆ. ಆಗ ಐವತ್ತು ದಾಟಿದ ಪ್ರಭಾರ ಮುಖ್ಯೋಪಾಧ್ಯಾಯಿನಿಯಾದ ನಾನು ಮೊಣಕಾಲೂರಿ ಅಡಿಕೋಲಿನಿಂದ ಅದನ್ನು ಕೆದಕಿ ತೆಗೆಯುತ್ತೇನೆ. ಮೂರು ದಿನಗಳ ನಾಯಕತ್ವ ತರಬೇತಿಯಲ್ಲಿ ಸಿಕ್ಕ ಪ್ರಸಾದವಿದು. ತರಬೇತಿ ಕೊಡಲು ಬಂದವರು ಎಲ್ಲರಿಗೂ ಒಂದೊಂದು ಚೆಂಡು ಹಂಚಿ ನೆಲಕ್ಕೆ ಬಡಿಯಿರಿ ಎಂದರು, ಬಡಿದೆವು. ಎಷ್ಟು ಜೋರಾಗಿ ಬಿದ್ದರೆ ಅಷ್ಟು ಎತ್ತರಕ್ಕೆ ಪುಟಿದೇಳುವವನೇ ನಾಯಕ ಎಂದರು, ಬರೆದುಕೊಂಡೆವು. ಮಧ್ಯಾಹ್ನ ಗೋದಿ ಹುಗ್ಗಿ ಇದ್ದುದರಿಂದ ಯಾರೂ ತಕರಾರು ಮಾಡಲಿಲ್ಲ.

ನಮ್ಮ ಶಾಲೆ ಇರುವುದು ದೊಡವಾಡ ದಾಟಿದ ಮೇಲೆ ಸಿಗುವ ಒಂದು ಹಳ್ಳಿಯಲ್ಲಿ. ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿಯ ಹೆಂಗಸರು ನನ್ನನ್ನು ಸುಮ್ಮನೆ ಬಿಡುವವರಲ್ಲ. ಹದಿನಾಲ್ಕು ವರ್ಷ ಧಾರವಾಡದಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳಿದವಳು ನಾನು. ಆ ಊರಿನಲ್ಲಿ ನನಗೆ ಗೊತ್ತಿದ್ದದ್ದು ಬಸ್ಸು ನಿಲ್ಲುವ ಜಾಗ, ಶಾಲೆ, ನಡುವಿನ ಇನ್ನೂರು ಹೆಜ್ಜೆ, ಮತ್ತು ಆ ಹಾದಿಯ ಎಲ್ಲ ನಾಯಿಗಳು.

ಹೋದ ವರ್ಷ ಸುತ್ತಲಿನ ಶಾಲೆಗಳ ಕ್ರೀಡಾಕೂಟ ನಮ್ಮ ಪಾಲಿಗೆ ಬಂತು. ಹಿಂದಿನ ವರ್ಷ ನಡೆಸಿದವರು ಮಕ್ಕಳಿಗೆ ಚಿತ್ರಾನ್ನ ಹಾಕಿ ಕಳಿಸಿದ್ದರು. ಪೂರ್ವಭಾವಿ ಸಭೆಯಲ್ಲಿ ನನ್ನೊಳಗಿನ ಹೊಸ ನಾಯಕಿ ಎದ್ದು ನಿಂತು, ‘ನಮ್ಮಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ’ ಎಂದು ಘೋಷಿಸಿಬಿಟ್ಟಳು. ಮುನ್ನೂರು ಮಕ್ಕಳು, ಅಂದರೆ ಹೆಚ್ಚೂಕಡಿಮೆ ಸಾವಿರ ರೊಟ್ಟಿ. ಇದನ್ನೆಲ್ಲ ನಮ್ಮ ಬಿಸಿಯೂಟದ ಗಂಗವ್ವ ಇಬ್ಬರು ತಂಗಿಯರನ್ನು ಕರೆಸಿ ಮಾಡುತ್ತಾಳೆ ಎಂಬ ಧೈರ್ಯ ನನ್ನದು. ಕ್ರೀಡಾಕೂಟಕ್ಕೆ ಎರಡೇ ದಿನ ಇದ್ದಾಗ ಗಂಗವ್ವ ನಲ್ಲಿಯ ಹತ್ತಿರ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಅವಳು ಕಟ್ಟಿಸಿಕೊಂಡಿದ್ದ ಕೈಯಲ್ಲೇ ಶಾಲೆಗೆ ಬಂದು, ‘ಅಕ್ಕೋರ, ಊರಾಗಿನ ಹೆಣ್ಣಮಕ್ಕಳಿಗೆ ಒಂದ್ ಮಾತ ಹೇಳ್ರಿ’ ಎಂದಳು. ನಾಯಕರಾದವರು ತಮ್ಮ ಕಷ್ಟವನ್ನು ಊರ ಮುಂದೆ ಇಟ್ಟುಕೊಂಡು ಕೂರುತ್ತಾರೆಯೇ? ನನ್ನ ಬಳಿ ಬೇರೆ ಉಪಾಯವಿತ್ತು.

ಬೈಲಹೊಂಗಲದಿಂದ ಹಿಟ್ಟು ತರಿಸಿದೆ, ಒಂದೊಂದು ಕಿಲೋ ತೂಗಿಸಿ ಚೀಲ ಕಟ್ಟಿಸಿದೆ, ಪ್ರತಿ ಚೀಲಕ್ಕೂ ಒಂದು ಸೂಚನಾ ಪತ್ರ ಅಂಟಿಸಿ ಮಕ್ಕಳ ಕೈಯಲ್ಲಿ ಮನೆಮನೆಗೆ ಕಳಿಸಿದೆ. ‘ರೊಟ್ಟಿಗಳು ಸಮ ಗಾತ್ರದಲ್ಲಿರತಕ್ಕದ್ದು, ಬೆಳಿಗ್ಗೆ ಒಂಬತ್ತರೊಳಗೆ ತಲುಪಿಸತಕ್ಕದ್ದು’ ಎಂದು ಕೆಳಗೆ ಸಹಿ, ಅದರ ಮೇಲೆ ಶಾಲೆಯ ಮೊಹರು. ಆ ದಿನ ಸಂಜೆಯ ಬಸ್ಸಿನಲ್ಲಿ ನನ್ನ ಬಗ್ಗೆ ನನಗೇ ಎಷ್ಟು ಗೌರವ ಬಂದಿತ್ತೆಂದರೆ ಕಿಟಕಿಯ ಸೀಟನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಶಾಲೆಯ ಕಟ್ಟೆಯ ಮೇಲೆ ಅಷ್ಟೂ ಚೀಲಗಳು ಸಾಲಾಗಿ ಕುಳಿತಿದ್ದವು. ಒಂದರ ಗಂಟನ್ನೂ ಬಿಚ್ಚಿರಲಿಲ್ಲ. ಪ್ರಾರ್ಥನೆಗೆ ನಿಂತ ಮಕ್ಕಳು ಒಮ್ಮೆ ಚೀಲ ನೋಡುವುದು, ಒಮ್ಮೆ ನನ್ನ ಮುಖ ನೋಡುವುದು. ನಾಳೆ ಮುನ್ನೂರು ಮಕ್ಕಳು ಓಡಿ ಹಸಿದು ಬಂದಾಗ ನನ್ನ ಭಾಷಣವನ್ನು ಬಡಿಸಬೇಕಿತ್ತು. ಕೋಣೆಗೆ ಬಂದು ಬಾಗಿಲು ಹಾಕಿಕೊಂಡು, ಪ್ರಭಾರದಿಂದ ಬಿಡುಗಡೆ ಮಾಡಬೇಕೆಂದು ಮೇಲಿನವರಿಗೆ ಅರ್ಜಿ ಬರೆಯಲು ಕುಳಿತೆ. ಸಿಟ್ಟು ಬಂದಿದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಅಳು ಬಂದಿತ್ತು.

ಗಂಗವ್ವ ಎಡಗೈಯಿಂದ ಬಾಗಿಲು ತಳ್ಳಿ ಒಳಗೆ ಬಂದಳು. ‘ರೊಟ್ಟಿ ಬೇಕಾದೋರು ಮನಿಗಿ ಬಂದು ಕೇಳತಾರ. ಹಿಟ್ಟ ತೂಗಿ ಕಳಿಸಿ ರೊಟ್ಟಿ ಬಡಸಕೊಳ್ಳಾಕ ನಾವೇನ ಖಾನಾವಳಿ ಇಟ್ಟೇವೇನು, ನಮ್ಮ ಮನ್ಯಾಗ ಜ್ವಾಳ ಇಲ್ಲೇನು ಅಂತ ಹೆಣ್ಣಮಕ್ಕಳು ಕೇಳಾಕ್ಹತ್ತಾರ್ರಿ. ಅವರು ಅಂದಿದ್ದ ಹೇಳಾಕ್ಹತ್ತೇನಿ, ನಂದಲ್ಲ.’

‘ಈಗೇನ ಮಾಡೂದು ಗಂಗವ್ವ?’

‘ಚಪ್ಪಲ್ ಹಾಕ್ಕೋರಿ.’

ಅಂದು ನಾನು ತುಳಿದ ಹೊಸ್ತಿಲುಗಳನ್ನು ಎಣಿಸಿಲ್ಲ, ಆದರೆ ಕುಡಿದ ಚಹಾದ ಲೆಕ್ಕ ನನ್ನ ಹೊಟ್ಟೆಗೆ ಚೆನ್ನಾಗಿ ಗೊತ್ತು. ಮೊದಲ ಮನೆಯ ನೀಲವ್ವ, ಆರನೇ ತರಗತಿಯ ಹುಡುಗಿಯೊಬ್ಬಳ ಅಜ್ಜಿ, ಕಂಬಳಿ ಹಾಸಿ, ‘ಬರ್ರಿ ಅಕ್ಕೋರ, ಕುಂದರ್ರಿ. ಹದಿನಾಕ ವರ್ಷಕ್ಕ ದಾರಿ ಸಿಕ್ತೇನು?’ ಎಂದಳು. ನನ್ನ ಸೂಚನಾ ಪತ್ರಗಳ ಭಾಷೆ ಆ ಕಂಬಳಿಯ ಮೇಲೆ ಕೆಲಸಕ್ಕೆ ಬರಲಿಲ್ಲ. ‘ನನ್ನ ಕೈಲೆ ಆಗವಲ್ದು ಯವ್ವಾ, ನೀವು ಮಾಡಿಕೊಟ್ರ ಆದೀತು’ ಎಂದು ಕೊನೆಗೆ ಹೇಳಿದೆ. ‘ಇಷ್ಟs ಹೌದಿಲ್ಲೋ, ಆತ್ ತಗೋರಿ’ ಎಂದು ಅವಳು ಕೊಡೆ ಮಡಚಿದಷ್ಟು ಸುಲಭವಾಗಿ ವಿಷಯ ಮುಗಿಸಿ, ಬೇರೆ ವಿಷಯ ಎತ್ತಿದಳು. ಹುಡುಗಿಯರ ಶೌಚಾಲಯಕ್ಕೆ ಒಳಗಿನಿಂದ ಚಿಲಕವಿಲ್ಲ. ಆದ್ದರಿಂದಲೇ ದೊಡ್ಡ ಹುಡುಗಿಯರು ಮಧ್ಯಾಹ್ನ ಮನೆಗೆ ಹೋದವರು ಮರಳಿ ಬರುವುದಿಲ್ಲ. ನಾನು ಅವರಿಗೆಲ್ಲ ಅರ್ಧ ದಿನದ ಗೈರುಹಾಜರಿ ಹಾಕಿ, ಶಿಸ್ತಿನ ಮಹತ್ವದ ಮೇಲೆ ಪ್ರತಿ ಶನಿವಾರ ಉಪನ್ಯಾಸ ಕೊಡುತ್ತಿದ್ದೆ. ನನಗೆ ನಾಚಿಕೆಯಾಯಿತು.

ಆ ತರಬೇತಿಯಲ್ಲಿ ನಾವು ಚೆಂಡು ಬಡಿದದ್ದು ನುಣ್ಣನೆಯ ಕಲ್ಲುಹಾಸಿನ ಮೇಲೆ. ಅದೇ ಚೆಂಡನ್ನು ಮಳೆಗಾಲದಲ್ಲಿ ಇಲ್ಲಿಯ ಕರಿಮಣ್ಣಿನ ಎರೆಹೊಲಕ್ಕೆ ಎಸೆದು ನೋಡಿ, ಬಿದ್ದಲ್ಲೇ ಹೂತುಕೊಂಡು ಕುಳಿತಿರುತ್ತದೆ. ಏಳುವುದರಲ್ಲಿ ನೆಲದ ಪಾಲೂ ಇದೆಯೆಂದು ನಮಗೆ ಯಾರೂ ಬರೆಸಲಿಲ್ಲ, ನಾವೂ ಕೇಳಲಿಲ್ಲ. ಬಿದ್ದವರು ತಾವೇ ಏಳಬೇಕು ಎನ್ನುವ ಉಪದೇಶ ಕೇಳಲು ಬಹಳ ಚೆಂದ, ವಿಶೇಷವಾಗಿ ಎತ್ತುವ ಕೆಲಸ ತಮ್ಮ ಮೇಲೆ ಬೀಳದಿರಲಿ ಎನ್ನುವವರಿಗೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕಲ್ಲ, ಎಂಟಕ್ಕೇ ರೊಟ್ಟಿ ಬರತೊಡಗಿದವು. ಬುಟ್ಟಿಯಲ್ಲಿ, ಹರಿವಾಣದಲ್ಲಿ, ಬಿಳಿ ಬಟ್ಟೆಯ ಗಂಟಿನಲ್ಲಿ. ತೆಳ್ಳಗಿನವು, ದಪ್ಪನೆಯವು, ಎಳ್ಳು ಹಚ್ಚಿದವು, ಅಂಚು ಸೀದವು. ಸಮ ಗಾತ್ರದ ಎರಡು ರೊಟ್ಟಿಗಳನ್ನು ಹುಡುಕಿದರೂ ಸಿಗುತ್ತಿರಲಿಲ್ಲ. ಎಲ್ಲವನ್ನೂ ಗಂಗವ್ವ ಒಂದೇ ರಾಶಿ ಮಾಡಿಸಿದ್ದರಿಂದ, ಯಾವ ಓಣಿಯ ರೊಟ್ಟಿ ಯಾವುದೆಂದು ಬೇರ್ಪಡಿಸಿ ತಿನ್ನುವ ಆಸೆಯಿದ್ದ ದೊಡ್ಡವರಿಗೂ ಅವಕಾಶವಾಗಲಿಲ್ಲ. ನೀಲವ್ವನ ಮಗ ರೊಟ್ಟಿಯ ಜೊತೆಗೆ ಒಂದು ಚಿಲಕವನ್ನೂ ತಂದು ಬಡಿದು ಹೋದ. ಖೋಖೋದಲ್ಲಿ ನಾವು ಹೀನಾಯವಾಗಿ ಸೋತೆವು. ಊಟ ಮಾತ್ರ ಮಿಕ್ಕಿತು.

ಇಷ್ಟಕ್ಕೇ ಮುಗಿಸಿದ್ದರೆ ಇದೂ ಒಂದು ತರಬೇತಿಯ ಕಥೆಯಾಗುತ್ತಿತ್ತು. ಆದರೆ ಈ ಬೇಸಿಗೆಯ ಒಂದು ಭಾನುವಾರ ಧಾರವಾಡದ ನನ್ನ ಮನೆಯ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಗಂಗವ್ವ, ಹೊಸ ಸೀರೆ, ಕೈಯಲ್ಲಿ ಕುಂಕುಮದ ಭರಣಿ. ಮಗಳ ಮದುವೆ ಗೊತ್ತಾಗಿತ್ತು. ಮದುವೆಯ ರೊಟ್ಟಿ ಊರಿನ ಮನೆಮನೆಗಳಿಂದ ಬರುವುದು ಅಲ್ಲಿಯ ಪದ್ಧತಿ. ‘ನಿಮ್ಮ ಮನಿಂದ ಇಪ್ಪತ್ತ ರೊಟ್ಟಿ ಬರಬೇಕ್ರಿ ಅಕ್ಕೋರ’ ಎಂದಳು. ನನ್ನ ಕೋಣೆಯಿಂದ ಹತ್ತು ಹೆಜ್ಜೆ ದೂರದ ಅಡುಗೆಮನೆಯಲ್ಲಿ ದಿನವೂ ಇರುವವಳು, ಈ ಒಂದು ಮಾತಿಗಾಗಿ ಬಸ್ಸು ಹತ್ತಿ ನನ್ನ ಮನೆಗೆ ಬಂದಿದ್ದಳು. ಯಾರೂ ನನ್ನನ್ನು ಹಾಗೆ ಏನನ್ನೂ ಕೇಳಿರಲಿಲ್ಲ.

‘ನನಗ ರೊಟ್ಟಿ ಬಡಿಯಾಕ ಬರೂದಿಲ್ಲಲ್ಲ ಗಂಗವ್ವ’ ಎಂದೆ.

‘ಗೊತ್ತೈತ್ರಿ. ನಿಮ್ಮ ಹೆಸರಿನ್ವು ನಾನs ಬಡದ ಇಡತೇನಿ. ನೀವು ಹೊತಗೊಂಡ ಬರ್ರಿ, ಸಾಕು.’

ಮದುವೆಯ ದಿನ ಓಣಿಯ ತುದಿಯಲ್ಲಿ ಆ ಗಂಟನ್ನು ನನ್ನ ತಲೆಯ ಮೇಲೆ ಇರಿಸಿದಳು. ನಾನು ಹೊತ್ತು ಚಪ್ಪರದೊಳಗೆ ಹೋದೆ. ನೀಲವ್ವ ಗಂಟು ಬಿಚ್ಚಿ, ಒಂದು ರೊಟ್ಟಿಯನ್ನು ಬೆಳಕಿಗೆ ಹಿಡಿದು, ‘ಅಕ್ಕೋರು ಎಷ್ಟ ತೆಳ್ಳಗ ಬಡದಾರ ನೋಡ್ರಿ’ ಎಂದಳು. ಸುತ್ತ ಕುಳಿತ ಹೆಂಗಸರೆಲ್ಲ ನೋಡಿದರು, ತಲೆದೂಗಿದರು, ಎಲ್ಲ ಗೊತ್ತಿದ್ದೂ ಬಾಯಿ ತುಂಬ ಹೊಗಳಿದರು.