ಖಾನಾಪುರದಲ್ಲಿ ಕೆಂಪು ಕಾರ್ಡು

ಬೆಳಗಾವಿಯ ನಮ್ಮ ಭಾಷಣ ಕ್ಲಬ್ಬಿನಿಂದ ಊರೂರಿಗೆ ಪುಕ್ಕಟೆ ಭಾಷಣಕಾರರನ್ನು ಒದಗಿಸುವ ಕೆಲಸ ನನ್ನದು. ಪುಕ್ಕಟೆಯಾದರೂ ಶಿಸ್ತಿಗೆ ಕಡಿಮೆಯಿಲ್ಲ. ಏಳು ನಿಮಿಷವಾದ ಕೂಡಲೇ ನಾನು ಕೆಂಪು ಕಾರ್ಡು ಎತ್ತುತ್ತೇನೆ, ಭಾಷಣ ನಿಲ್ಲಲೇಬೇಕು.

ಖಾನಾಪುರದ ಒಂದು ಸಂಘದ ವಾರ್ಷಿಕೋತ್ಸವಕ್ಕೆ ನಮ್ಮ ಕ್ಲಬ್ಬಿನ ಮುಲ್ಲಾ ಅವರನ್ನು ಕರೆದುಕೊಂಡು ಹೋಗಿದ್ದೆ. ಮಚ್ಛೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ಗಡಿಯಾರದಂಥ ಮನುಷ್ಯ. ವಿಷಯ ‘ಸಮಯದ ಬೆಲೆ’. ಏಳು ನಿಮಿಷಕ್ಕೆ ಸರಿಯಾಗಿ ನಾನು ಕಾರ್ಡು ಎತ್ತಿದೆ. ಅವರು ನಮಸ್ಕಾರ ಹೇಳಿ ಕೂತುಬಿಟ್ಟರು. ಚಪ್ಪಾಳೆಯೇ ಇಲ್ಲ. ಸಂಘದ ಕಾರ್ಯದರ್ಶಿ ದೇಸಾಯಿ ನೀರಿನ ಬಾಟಲಿ ಹಿಡಿದು ಓಡಿಬಂದರು.

“ಯಾಕ್ರೀ ಸರ್, ಆರಾಮ ಇಲ್ಲೇನು?”

“ಆರಾಮ ಅದೀನ್ರಿ. ಭಾಷಣ ಮುಗೀತು.”

“ಮುಗೀತು ಅಂದ್ರ? ಮುಖ್ಯ ಅತಿಥಿ ಸಾಹೇಬ್ರು ಇನ್ನೂ ಜಾಂಬೋಟಿ ಬಿಟ್ಟಿಲ್ರಿ! ಅವ್ರು ಬರೂತನಕಾ ಮಂದಿ ಎದ್ದು ಹೋಗಬಾರ್ದು ಅಂತ ನಿಮ್ಮನ್ನ ಕರಸೇವಿ.”

ಅಷ್ಟು ಹೇಳಿದವರೇ ನನ್ನ ಕೈಯಲ್ಲಿದ್ದ ಕಾರ್ಡು ಕಸಿದು, ಕುರ್ಚಿಯ ಮೇಲಿಟ್ಟು, ಅದರ ಮೇಲೆಯೇ ಕೂತರು.

ಮುಲ್ಲಾ ಅವರಿಗೆ ಬೇರೇನೂ ತೋಚಲಿಲ್ಲ. ಎದ್ದು ಅದೇ ಭಾಷಣವನ್ನು ಮೊದಲಿನಿಂದ ಶುರುಮಾಡಿದರು. ಮುಗಿದಾಗ ಮತ್ತೆ ಮೊದಲಿನಿಂದ. ಮೂರನೇ ಸಲ ಮುಂದಿನ ಸಾಲಿನ ಹೆಂಗಸರು ಅವರಿಗಿಂತ ಮೊದಲೇ ವಾಕ್ಯ ಪೂರ್ತಿ ಮಾಡುತ್ತಿದ್ದರು.

ಕೊನೆಗೂ ಸಾಹೇಬರು ಬಂದರು. ಹಾರ ಹಾಕಿಸಿಕೊಂಡು, ಮೈಕಿನಲ್ಲಿ “ನನಗ ಟೈಮಿಲ್ಲ, ಎಲ್ಲಾರಿಗೂ ಛಲೋ ಆಗ್ಲಿ” ಎಂದು ಹೇಳಿ ಕಾರು ಹತ್ತಿದರು. ಚಪ್ಪಾಳೆ ನಿಲ್ಲಲೇ ಇಲ್ಲ.

ನಮ್ಮ ಕ್ಲಬ್ಬಿನ ನಿಯಮ ಹಿಡಿದು ನೋಡಿದರೆ, ಅವತ್ತು ಸಮಯ ಪಾಲಿಸಿದ ಭಾಷಣಕಾರರು ಆ ಸಾಹೇಬರೊಬ್ಬರೇ.