ಗೆರೆ ಏರುವ ಜಾಗ

ಹೆಂಡತಿ ಜೋಳದ ರೊಟ್ಟಿ ಬಡಿಯುವ ವಿಡಿಯೋ ಒಂದನ್ನು ಎಲ್ಲರೂ ನೋಡಲೆಂದು ಇಂಟರ್ನೆಟ್ಟಿನಲ್ಲಿ ಹಾಕಿದ್ದೆವು. ಅದರಲ್ಲಿ ಯಾವ ಜಾಗವನ್ನು ಜನ ಹೆಚ್ಚು ನೋಡುತ್ತಾರೆಂದು ಫೋನಿನಲ್ಲಿ ಒಂದು ಗೆರೆ ತೋರಿಸುತ್ತದೆ. ಗಿಣಿಗೇರಾದ ಕಾರ್ಖಾನೆಯಲ್ಲಿ ಊಟಕ್ಕೆ ಕೂತಾಗ ಅದನ್ನು ತೆಗೆದು ನೋಡಿದೆ. ಒಂದೇ ಕಡೆ ಗೆರೆ ಗುಡ್ಡದಂತೆ ಎದ್ದಿತ್ತು. ಅಲ್ಲಿ ಅವಳ ತಲೆಯ ಮೇಲಿನ ಸೆರಗು ಜಾರಿತ್ತು. ಪಕ್ಕದಲ್ಲಿ ಉಣ್ಣುತ್ತಿದ್ದವರ ಮೇಲೂ ನನಗೆ ಗುಮಾನಿ ಬಂತು.

ಮನೆಗೆ ಬಂದವನೇ, "ಆ ವಿಡಿಯೋ ತಗದಬಿಡ್ತೀನಿ. ಗಂಡಸರು ತಿರುಗಿ ತಿರುಗಿ ನೋಡಾಕತ್ಯಾರ" ಎಂದೆ.

ಅವಳು ಫೋನ್ ತೆಗೆದುಕೊಂಡು ನೋಡಿ ನಕ್ಕಳು. "ಅಲ್ರಿ, ನಿಮ್ಮ ಕಣ್ಣ ಸೆರಗಿನ ಮ್ಯಾಲ ಅದಾವ. ಅಲ್ಲೇ ನಾ ಹಿಟ್ಟಿಗೆ ಕುದಿಯೋ ನೀರು ಹಾಕೇನಿ ನೋಡ್ರಿ. ಅದು ಹೆಚ್ಚುಕಮ್ಮಿ ಆದ್ರ ರೊಟ್ಟಿ ಹರೀತಾವ. ಹೆಣ್ಮಕ್ಕಳು ಅದನ್ನ ಕಲಿಯಾಕ ನೋಡ್ತಾರ. ಇಷ್ಟು ಛಲೋ ಬಂದದ್ದನ್ನ ತಗೀಬ್ಯಾಡ್ರಿ."

ನಾನು ನಂಬಲಿಲ್ಲ. ಇನ್ನೊಂದು ವಿಡಿಯೋ ಮಾಡಿಸಿದೆ. ಈ ಸಲ ಅವಳ ಕೈ ಮತ್ತು ಹಿಟ್ಟಿನ ಪರಾತ ಮಾತ್ರ ಕಾಣುವಂತೆ ಫೋನ್ ಹಿಡಿದೆ. ಅದನ್ನು ಹಾಕಿ ಕೆಲವು ದಿನ ಬಿಟ್ಟು ನೋಡಿದರೆ, ನೀರು ಹಾಕುವ ಹೊತ್ತಿಗೇ ಗೆರೆ ಮತ್ತೆ ಏರಿತ್ತು. ಹಳೆಯ ವಿಡಿಯೋವನ್ನು ತೆಗೆಯಲಿಲ್ಲ.

ಆದರೂ ಅನುಮಾನ ಪೂರ್ತಿ ಹೋಗಿಲ್ಲ. ನೀರು ಹಾಕುವ ಆ ಕೈಯಲ್ಲಿ ಹೊಸ ಹಸಿರು ಬಳೆಗಳೂ ಕಾಣುತ್ತಿದ್ದವಲ್ಲ.